ಸುದ್ದಿಗೆ ಹೋಗದವರು, ಖಬರು ಇದ್ದವರು

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಒಬ್ಬ ಮನುಷ್ಯನನ್ನು ಹೊಗಳಬೇಕಾದರೆ, "ಭಾಳ ಒಳ್ಳೆಯಾಂವ್ರೀ, ಯಾರ ಸುದ್ದಿಗೂ ಹೋಗೂದಿಲ್ಲ" ಎನ್ನುತ್ತಾರೆ. ಅದೇ ಜನ ಒಬ್ಬನನ್ನು ಬೈಯಬೇಕಾದರೆ "ಖಬರಗೇಡಿ" ಎನ್ನುತ್ತಾರೆ. ಪಕ್ಕದ ಮನೆಯಲ್ಲಿ ಹೆಣ ಇದ್ದಾಗ ತನ್ನ ಮನೆಯಲ್ಲಿ ಹಾಡು ಹಚ್ಚಿಕೊಂಡು ಕೂತವನು ಖಬರಗೇಡಿ. ಮಳೆ ಬರುವುದು ಕಂಡರೂ ಅಂಗಳದ ಜೋಳ ಒಳಗೆ ತಾರದವನು ಖಬರಗೇಡಿ.

ಈ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಇಕ್ಕಟ್ಟು ಕಾಣುತ್ತದೆ. ಯಾರ ಸುದ್ದಿಗೂ ಹೋಗಬಾರದು, ಆದರೆ ಖಬರು ಇರಬೇಕು. ನೆರೆಯವನ ಮನೆಯೊಳಗೆ ಇಣುಕಬಾರದು, ಆದರೆ ಅವನ ಒಲೆ ಎರಡು ದಿನದಿಂದ ಹೊತ್ತಿಲ್ಲ ಎನ್ನುವುದು ತಿಳಿದಿರಬೇಕು. ಹಾಗಾದರೆ ಒಬ್ಬ ಮನುಷ್ಯ ತನ್ನ ಊರಿನ ಬಗ್ಗೆ ಎಷ್ಟು ತಿಳಿದಿರಬೇಕು? ತಿಳಿದ ಮೇಲೆ ಅವನ ಹೊಣೆ ಏನು? ಊರು ಬೆಳೆಯುತ್ತಾ ಹೋದಂತೆ ಈ ಪ್ರಶ್ನೆ ಹಗುರವಾಗುವುದಿಲ್ಲ, ಭಾರವಾಗುತ್ತದೆ.

ಉರ್ದು ಶಾಲೆಯಲ್ಲಿ ಕಲಿತು ಕನ್ನಡದಲ್ಲಿ ಕತೆ ಬರೆಯುವ ನನ್ನಂಥವರಿಗೆ ಈ 'ಖಬರ್' ಎನ್ನುವ ಪದ ಎರಡೂ ಮನೆಗಳ ನಡುವೆ ಓಡಾಡುವ ಮಗುವಿನಂತೆ. ಅರಬಿಯಿಂದ ಪಾರ್ಸಿ, ಉರ್ದುವಿಗೆ ಬಂದ ಪದ. ಅಲ್ಲಿ ಅದರ ಮೊದಲ ಅರ್ಥ ವಾರ್ತೆ. ಆದರೆ ಉರ್ದುವಿನಲ್ಲಿ ಒಬ್ಬರ 'ಖಬರ್ ಲೇನಾ' ಎಂದರೆ ಅವರ ಯೋಗಕ್ಷೇಮ ವಿಚಾರಿಸುವುದು. 'ಖಬರ್‌ಗೀರೀ' ಎಂದರೆ ಆರೈಕೆ, ನಿಗಾ. ಕನ್ನಡಕ್ಕೆ ಬಂದ ಮೇಲೆ, ಅದರಲ್ಲೂ ನಮ್ಮ ಭಾಗದ ಕನ್ನಡಕ್ಕೆ ಬಂದ ಮೇಲೆ, ಅದು ವಾರ್ತೆಯನ್ನೂ ದಾಟಿ ಎಚ್ಚರವಾಯಿತು, ಪ್ರಜ್ಞೆಯಾಯಿತು. ಜ್ವರದಲ್ಲಿ ಮೈಮೇಲೆ ಎಚ್ಚರ ಇಲ್ಲದವನಿಗೂ "ಖಬರ ಇಲ್ಲ" ಎನ್ನುತ್ತೇವೆ. ಹಿರಿಯರು ಮಾಡಿದ ಈ ಅರ್ಥವಿಸ್ತಾರದಲ್ಲಿ ಒಂದು ನೀತಿಯೇ ಅಡಗಿದೆ. ತಿಳಿಯುವುದು, ಎಚ್ಚರ ಇರುವುದು, ಆರೈಕೆ ಮಾಡುವುದು, ಈ ಮೂರನ್ನೂ ಅವರು ಒಂದೇ ಪದದಲ್ಲಿ ಕಟ್ಟಿಟ್ಟರು.

ಈಗ ಆ ಗಂಟು ಬಿಚ್ಚಿಹೋಗುತ್ತಿದೆ.

ಹಿಂದೆ ಸುದ್ದಿಗೆ ಕಾಲು ಇತ್ತು. ಡಂಗುರದವನು ಓಣಿ ಓಣಿ ತಿರುಗಬೇಕು, ಸತ್ತ ಸುದ್ದಿ ಹೇಳಲು ಯಾರಾದರೂ ಮನೆ ಮನೆಗೆ ಹೋಗಬೇಕು, ಹಳ್ಳಿಯ ಸುದ್ದಿ ಸಂತೆಯ ದಿನ ಚಕ್ಕಡಿ ಏರಿ ಬರಬೇಕು. ಸುದ್ದಿ ತಂದವನ ಮುಖ ನಮಗೆ ಗೊತ್ತಿರುತ್ತಿತ್ತು, ಅವನ ಮಾತಿಗೆ ಎಷ್ಟು ಬೆಲೆ ಎಂಬುದೂ ಗೊತ್ತಿರುತ್ತಿತ್ತು. ಕೇಳಿದವನು ಸುಮ್ಮನೆ ಕೂಡುವಂತಿರಲಿಲ್ಲ. ಸತ್ತ ಸುದ್ದಿ ಬಂದರೆ ಹೆಗಲು ಕೊಡಲು ಹೋಗಬೇಕು, ಹಡೆದ ಸುದ್ದಿ ಬಂದರೆ ಕುಬಸ ತೆಗೆದುಕೊಂಡು ಹೋಗಬೇಕು.

ಈಗ ಊರುಗಳು ಅಗಲವಾಗಿವೆ. ಬೈಲಹೊಂಗಲದಿಂದ ಕಿತ್ತೂರು, ಸವದತ್ತಿಯಿಂದ ಯರಗಟ್ಟಿ ಬೇರೆಯಾಗಿ ತಾಲೂಕುಗಳಾದವು. ನಿನ್ನೆಯ ಹತ್ತಿ, ಜೋಳದ ಹೊಲಗಳು ಎನ್.ಎ. ಪ್ಲಾಟುಗಳಾಗಿ, ಕಲ್ಲು ನೆಟ್ಟು, ಬಣ್ಣ ಹಚ್ಚಿಸಿಕೊಂಡು ನಿಂತಿವೆ. ಹಳ್ಳಿಯಿಂದ ಬಂದ ಮೇಷ್ಟ್ರು, ಬ್ಯಾಂಕಿನವರು, ದುಬೈಯಲ್ಲಿ ದುಡಿದು ಬಂದವರು ಅಲ್ಲಿ ಮನೆ ಕಟ್ಟಿದ್ದಾರೆ. ಒಳ್ಳೆಯದೇ. ಆದರೆ ಓಣಿಗೆ ಒಂದು ಕಟ್ಟೆ ಇತ್ತು, ಪ್ಲಾಟಿಗೆ ಕಂಪೌಂಡ್ ಇದೆ. ಎದುರು ಮನೆಯವರ ಹೆಸರು ಗೊತ್ತಿಲ್ಲದ ಮನುಷ್ಯನ ಮೊಬೈಲಿನಲ್ಲಿ ನಾಲ್ಕು ತಾಲೂಕುಗಳ ಸುದ್ದಿಯ ವಾಟ್ಸಾಪ್ ಗುಂಪುಗಳು ದಿನವಿಡೀ ಟಿಣ್ ಟಿಣ್ ಎನ್ನುತ್ತಿರುತ್ತವೆ. ಅವನಿಗೆ ಸುದ್ದಿ ಬೇಕಾದಷ್ಟಿದೆ. ಖಬರು ಇದೆಯೇ?

ಆ ಸುದ್ದಿಯ ಜಾತಿಯನ್ನೂ ಸ್ವಲ್ಪ ನೋಡಬೇಕು. ಬಸ್ ಸ್ಟ್ಯಾಂಡಿನ ಹತ್ತಿರ ಎರಡು ಬೈಕುಗಳು ತಾಗಿ ಇಬ್ಬರು ಹುಡುಗರು ಕೈ ಕೈ ಮಿಲಾಯಿಸುತ್ತಾರೆ. ಇಬ್ಬರ ಹೆಸರೂ ಒಂದೇ ಕೋಮಿನದಾದರೆ ಅದು ಅಪಘಾತ. ಬೇರೆ ಬೇರೆಯಾದರೆ ಅದು 'ಘರ್ಷಣೆ', ಸಂಜೆಯೊಳಗೆ 'ಬಿಗುವಿನ ವಾತಾವರಣ'. ಹುಡುಗರು ಅಷ್ಟರೊಳಗೆ ಚಹಾದಂಗಡಿಯಲ್ಲಿ ರಾಜಿಯಾಗಿ ಮನೆಗೆ ಹೋಗಿದ್ದರೂ ಆ ರಾಜಿ ಯಾರ ಮೊಬೈಲಿಗೂ ಬರುವುದಿಲ್ಲ. ಸುದ್ದಿಯ ಸ್ವಭಾವವೇ ಅದು ಎನ್ನಬಹುದು. ಮುರಿದದ್ದು ಸುದ್ದಿ, ಮುರಿಯದೆ ಉಳಿದದ್ದು ಸುದ್ದಿಯಲ್ಲ. ಪತ್ರಕರ್ತರನ್ನು ಇದಕ್ಕಾಗಿ ಬೈದು ಪ್ರಯೋಜನವಿಲ್ಲ. ಆದರೆ ಊರಿನ ಬದುಕು ನಿಂತಿರುವುದು ಮುರಿಯದೆ ಉಳಿದದ್ದರ ಮೇಲೆ. ತನ್ನ ಊರನ್ನು ಸುದ್ದಿಯಿಂದಷ್ಟೇ ಅರಿತವನು ಒಂದು ಮನೆಯನ್ನು ಅದರ ಗೋಡೆಯ ಬಿರುಕಿನಿಂದಷ್ಟೇ ಅರಿತಂತೆ.

ಇದಕ್ಕೆ ನಮ್ಮ ಸವದತ್ತಿ ಸೀಮೆಯಲ್ಲೇ ಒಂದು ಉದಾಹರಣೆ ಇದೆ. 2022ರ ಮೊಹರಂ ಹೊತ್ತಿನಲ್ಲಿ ಹಿರೇಬಿದನೂರು ಎಂಬ ಹಳ್ಳಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆ ಊರಿನಲ್ಲಿ ಮುಸಲ್ಮಾನರ ಮನೆ ಒಂದೂ ಇಲ್ಲ. ಆದರೂ ಅಲ್ಲಿ ಮಸೀದಿ ಇದೆ, ಐದು ದಿನ ಮೊಹರಂ ನಡೆಯುತ್ತದೆ. ದಿನನಿತ್ಯದ ಪೂಜೆ ಹಿಂದೂ ಪೂಜಾರಿಯದು. ಹಬ್ಬದ ವಿಧಿಗಳಿಗೆ ಪಕ್ಕದ ಊರಿನ ಮೌಲ್ವಿಯನ್ನು ಕರೆಸುತ್ತಾರೆ. ದಿಲ್ಲಿ, ಮುಂಬೈಯ ಓದುಗರಿಗೆ ಇದು ಪವಾಡದಂತೆ ಕಂಡಿತು. ಈ ಭಾಗದ ಜನಕ್ಕೆ ಇದರಲ್ಲಿ ಅಚ್ಚರಿಪಡುವಂಥದ್ದು ಏನೂ ಇರಲಿಲ್ಲ. ಡೋಲಿ ಹೊರುವವರಲ್ಲಿ, ರಿವಾಯತ್ ಪದ ಹಾಡುವವರಲ್ಲಿ, ಬೆಂಕಿಯ ಕುಣಿಗೆ ಕಟ್ಟಿಗೆ ತರುವವರಲ್ಲಿ ಯಾರು ಯಾವ ಜಾತಿ ಎಂದು ಎಣಿಸುವ ರೂಢಿ ನಮ್ಮ ಎಷ್ಟೋ ಹಳ್ಳಿಗಳಲ್ಲಿ ಇರಲೇ ಇಲ್ಲ. ಹಿರೇಬಿದನೂರು ಆ ದಿನ ಹೊಸದಾಗಿ ಏನನ್ನೂ ಮಾಡಿರಲಿಲ್ಲ. ಹೊರಗಿನ ಲೋಕವೇ ಅಷ್ಟು ಬದಲಾಗಿತ್ತು, ಅದಕ್ಕೇ ಹಳೆಯ ರೂಢಿಯೊಂದು ಸುದ್ದಿಯಾಯಿತು. ಒಟ್ಟಿಗೆ ಇರುವುದು ಸುದ್ದಿಯಾಗುವ ಕಾಲ ಬಂದಿದೆ ಎಂಬುದೇ ಆ ವರದಿಗಳೊಳಗಿನ ನಿಜವಾದ ಸುದ್ದಿ.

ಇಲ್ಲಿಗೆ ನಿಲ್ಲಿಸಿಬಿಟ್ಟರೆ ಲೇಖನ ಸಿಹಿಯಾಗಿ ಮುಗಿಯುತ್ತದೆ: ಹಳೆಯ ಊರು ಒಳ್ಳೆಯದು, ಹೊಸ ಊರು ಕೆಟ್ಟದ್ದು. ಆದರೆ ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಊರು ಸುದ್ದಿ ಎಂದು ಎಣಿಸದೆ ಬಿಟ್ಟದ್ದೆಲ್ಲ ಒಳ್ಳೆಯದೇ ಆಗಿರಲಿಲ್ಲ.

ಅದೇ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಲಕ್ಷಾಂತರ ಭಕ್ತರು ಬರುತ್ತಾರೆ. ಅವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಆ ತಾಯಿಯ ಹೆಸರಿನಲ್ಲಿ ದಲಿತರ, ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದು ಎಷ್ಟೋ ತಲೆಮಾರು ನಡೆಯಿತು. ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿಯರ ರಕ್ಷಣೆಗೆ ಕಾಯ್ದೆ ಬಂತು. 1982ರಲ್ಲಿ ಕರ್ನಾಟಕ ತನ್ನದೇ ನಿಷೇಧ ಕಾಯ್ದೆ ಮಾಡಿತು. ಎರಡು ಕಾಯ್ದೆಗಳ ನಡುವೆ ನಲವತ್ತೆಂಟು ವರ್ಷ. ಆ ಅಷ್ಟೂ ವರ್ಷ ಯಾವ ಹುಡುಗಿಗೆ ಮುತ್ತು ಕಟ್ಟಿದರು, ಯಾವ ಗೌಡ ಅವಳನ್ನು ಇಟ್ಟುಕೊಂಡ, ಅವಳ ಮಗುವಿಗೆ ಶಾಲೆಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಏನು ಬರೆದರು ಎಂಬುದು ಊರಿಗೆಲ್ಲ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದರಿಂದಲೇ ಅದು ಸುದ್ದಿಯಾಗಲಿಲ್ಲ. ಸುದ್ದಿಯಾಗದ್ದರಿಂದ ಯಾರಿಗೂ ಹೊಣೆಯಾಗಲಿಲ್ಲ. "ಯಾರ ಸುದ್ದಿಗೂ ಹೋಗದ" ಒಳ್ಳೆಯ ಮನುಷ್ಯರು ಆ ಊರುಗಳಲ್ಲಿ ತುಂಬಾ ಇದ್ದರು. ಕೊನೆಗೆ 1997ರಲ್ಲಿ ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿಯರೇ ಸೇರಿ 'ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ' ಕಟ್ಟಿಕೊಂಡರು. ಊರು ತೆಗೆದುಕೊಳ್ಳದ ಖಬರನ್ನು ಅವರವರೇ ಪರಸ್ಪರ ತೆಗೆದುಕೊಂಡರು.

ಬೇರೆಯವರ ಮನೆಯತ್ತ ಬೆರಳು ತೋರಿಸಿ ಸುಮ್ಮನಾಗುವುದು ಸರಿಯಲ್ಲ. ನಮ್ಮ ಜಮಾಅತಿನೊಳಗೇನಿದೆ? ಹುಡುಗನಿಗೆ ಬೈಕು, ಹುಡುಗಿಗೆ ತೊಲೆಗಟ್ಟಲೆ ಬಂಗಾರ, ಇಡೀ ಮೊಹಲ್ಲಾಕ್ಕೆ ಬಿರಿಯಾನಿ. ಹೆಣ್ಣಿನ ತಂದೆ ಬಡ್ಡಿಗೆ ಸಾಲ ತಂದ ಎಂಬುದು ಊಟಕ್ಕೆ ಕೂತವರಿಗೆಲ್ಲ ಗೊತ್ತು. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಜಾಣೆಯಾಗಿದ್ದ ಹುಡುಗಿ ಹೈಸ್ಕೂಲಿಗೆ ಬರಲಿಲ್ಲ ಎಂಬುದೂ ಗೊತ್ತು. ಬಡ್ಡಿ ನಿಷಿದ್ಧ ಎಂದು ವಾದ ಮಾಡಬಲ್ಲ ಹಿರಿಯರು ಇದು ಸುದ್ದಿಯೇ ಅಲ್ಲ ಎಂಬಂತೆ ಕೈ ತೊಳೆದು ಎದ್ದು ಹೋಗುತ್ತಾರೆ. ಹೀಗೆ ಹಿರೇಬಿದನೂರಿನ ಸ್ನೇಹವೂ ಸುದ್ದಿಯಲ್ಲ, ಈ ಸಾಲವೂ ಸುದ್ದಿಯಲ್ಲ. ಒಂದು ಊರಿನ ನಿಜವಾದ ಶೀಲ ತಿಳಿಯಬೇಕಾದರೆ ಅದರ ಸುದ್ದಿಗಳನ್ನು ಓದಿದರೆ ಸಾಲದು. ಅದು ಯಾವುದನ್ನು "ಇದ್ದದ್ದೇ ಬಿಡ್ರೀ" ಎಂದು ಬಿಟ್ಟಿದೆ ಎಂಬುದನ್ನು ನೋಡಬೇಕು.

ಹಾಗಾದರೆ ಎಲ್ಲವನ್ನೂ ಬೀದಿಗೆ ತಂದು ಹೇಳಬೇಕೇ? ಅದೂ ಅಲ್ಲ. ಇದೇ ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ರಾಯಣ್ಣನನ್ನು ನೆನೆಯೋಣ. 1824ರಲ್ಲಿ ಕಿತ್ತೂರಿನ ಯುದ್ಧ, 1829ರ ಫೆಬ್ರವರಿ 2ರಂದು ಬೈಲಹೊಂಗಲದ ಸೆರೆಯಲ್ಲಿ ರಾಣಿ ಚನ್ನಮ್ಮನ ಸಾವು. ಅದರ ಬೆನ್ನಿಗೇ ರಾಯಣ್ಣ ಬಂಡೆದ್ದು ಕಂಪನಿ ಸರಕಾರದ ಕಚೇರಿ, ಖಜಾನೆಗಳ ಮೇಲೆ ಬಿದ್ದ. ಸೈನ್ಯ ಹುಡುಕುತ್ತಿದ್ದಾಗ ಅವನು ತಿಂಗಳುಗಟ್ಟಲೆ ಸಿಗದೆ ಉಳಿದದ್ದು ಹೇಗೆ? ಕಾಡಿನ ದಟ್ಟಣೆ ಒಂದು ಕಾರಣ. ಗೊತ್ತಿದ್ದೂ ಹೇಳದ ಜನ ಇನ್ನೊಂದು ಕಾರಣ. ಅವನ ಅನ್ನ ಯಾರ ಮನೆಯಿಂದ ಹೋಗುತ್ತದೆ, ಅವನು ಯಾವ ಹಾದಿಯಲ್ಲಿ ಬಂದ ಎಂಬುದು ಹಳ್ಳಿಗಳಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಕೊನೆಗೆ ಅವನು ಸಿಕ್ಕಿದ್ದೂ ಪರಿಚಯದವರ ಸುಳಿವಿನಿಂದಲೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಹಳ್ಳಿಯವರಿಗೆ ಗೊತ್ತಿದ್ದದ್ದೂ ದ್ರೋಹಿಗಳಿಗೆ ಗೊತ್ತಿದ್ದದ್ದೂ ಒಂದೇ ವಿಷಯ, ಅವನು ಎಲ್ಲಿದ್ದಾನೆ ಎಂಬುದು. ಒಬ್ಬರು ಅದನ್ನು ಕಾಪಾಡಿದರು, ಮತ್ತೊಬ್ಬರು ಮಾರಿದರು. ನಿಜವನ್ನೇ ಹೇಳಿದೆ ಎಂಬುದು ಸುಳಿವು ಕೊಟ್ಟವರ ಪಾಪವನ್ನು ತೊಳೆಯಿತೇ?

ಕುರಾನಿನ ಸೂರೆ ಹುಜುರಾತ್‌ನಲ್ಲಿ, ನಂಬಿಕೆಗೆ ಅರ್ಹನಲ್ಲದವನು ತಂದ ಸುದ್ದಿಯನ್ನು ಪರಿಶೀಲಿಸದೆ ನಡೆಯಬಾರದು ಎಂಬ ಎಚ್ಚರಿಕೆ ಇದೆ. ಕೆಲವೇ ವಾಕ್ಯಗಳ ಅಂತರದಲ್ಲಿ ಇತರರ ಗುಟ್ಟನ್ನು ಹುಡುಕಬಾರದು, ಬೆನ್ನ ಹಿಂದೆ ಆಡಿಕೊಳ್ಳಬಾರದು ಎಂಬ ಮಾತೂ ಬರುತ್ತದೆ. ಮೊದಲನೆಯದು ಸುಳ್ಳು ಸುದ್ದಿಗೆ ಹಾಕಿದ ಬೇಲಿ. ಎರಡನೆಯದು ನಿಜ ಸುದ್ದಿಗೂ ಹಾಕಿದ ಬೇಲಿ. ನಾವು ಇಂದು ಮೊದಲನೆಯದರ ಬಗ್ಗೆ ಮಾತಾಡುತ್ತೇವೆ, ಸುಳ್ಳು ಸುದ್ದಿಯ ವಿರುದ್ಧ ಸಭೆ ಮಾಡುತ್ತೇವೆ. ಎರಡನೆಯದನ್ನು ಮರೆತಿದ್ದೇವೆ. ಓಡಿಹೋದ ಹುಡುಗಿಯ ಫೋಟೋ, ಸಾಲಗಾರನ ಮನೆ ಮುಂದಿನ ಗಲಾಟೆಯ ವಿಡಿಯೋ, ಕುಡಿದು ಬಿದ್ದ ಅಪ್ಪನ ಚಿತ್ರ, ಇವೆಲ್ಲ ನಿಜವೇ. ಆ ಹುಡುಗಿಯ ತಂಗಿ ನಾಳೆ ಅದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗಬೇಕು ಎಂಬುದೂ ನಿಜ.

ಬಿಚ್ಚಿದ ಗಂಟು ಮತ್ತೆ ಕೂಡಿದ್ದನ್ನು ರಾಮದುರ್ಗ 2019ರ ಆಗಸ್ಟಿನಲ್ಲಿ ಕಂಡಿತು. ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನ ಪೂರ್ಣ ಮಟ್ಟ 2079.50 ಅಡಿ, ಹಿಡಿಯುವ ನೀರು ಸುಮಾರು 37 ಟಿಎಂಸಿ. ಮೇಲೆ ಮಳೆ ಸುರಿದು ಬಾಗಿಲು ತೆರೆದಾಗ ಕೆಳಗಿರುವ ಮುನವಳ್ಳಿ, ರಾಮದುರ್ಗಗಳಿಗೆ ಮಲಪ್ರಭೆ ನುಗ್ಗಿದಳು. ಆ ದಿನಗಳಲ್ಲಿ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬ ಒಂದು ಸಾಲಿನ ಸುದ್ದಿ ಜೀವಕ್ಕೆ ಸಮವಾಗಿತ್ತು. ಅದನ್ನು ಕೇಳಿದವನು ಸುಮ್ಮನೆ ಮುಂದಕ್ಕೆ ಕಳಿಸಿ ಕೂಡುವಂತಿರಲಿಲ್ಲ. ಹೊಳೆದಂಡೆಯ ಮನೆಯ ಮುದುಕಿ ಕಿವುಡಿ ಎಂಬುದು ಗೊತ್ತಿದ್ದವನೇ ಹೋಗಿ ಅವಳ ಬಾಗಿಲು ಬಡಿಯಬೇಕು. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ದನ ಕಟ್ಟಿಯೇ ಉಳಿದಿವೆ ಎಂಬ ಓಣಿಯ ಅರಿವು ಇಲ್ಲದಿದ್ದರೆ ಅಣೆಕಟ್ಟಿನ ಲೆಕ್ಕ ಬರೀ ಅಂಕಿ. ಪರಿಹಾರದ ಪಟ್ಟಿ ಬರೆಯುವಾಗಲೂ ಹೀಗೆಯೇ. ಬಾಡಿಗೆ ಮನೆಯಲ್ಲಿದ್ದು ಮಗ್ಗ ಕಳೆದುಕೊಂಡ ನೇಕಾರನ ಹೆಸರು ಕಾಗದದಲ್ಲಿ ಸುಲಭವಾಗಿ ಸಿಗುವುದಿಲ್ಲ, ನೆರೆಯವನ ಬಾಯಲ್ಲಿ ಸಿಗುತ್ತದೆ.

ಇದರಿಂದ ನನಗೆ ತೋಚುವುದು ಇಷ್ಟು. ಸುದ್ದಿ ತಿಳಿದವನಿಗೆ ಹೊಣೆ ಇದೆ. ಆ ಹೊಣೆ ಹತ್ತಿರವಾದಷ್ಟೂ ಹೆಚ್ಚು. ದೂರದ ದೇಶದ ಯುದ್ಧದ ಸುದ್ದಿಗೆ ನಾವು ದುಃಖಪಡಬಹುದು, ದುಆ ಮಾಡಬಹುದು, ಕೈಲಾದಷ್ಟು ಹಣ ಕಳಿಸಬಹುದು. ನಮ್ಮ ಓಣಿಯ ಸುದ್ದಿಗೆ ಅಷ್ಟು ಸಾಲದು, ಅಲ್ಲಿ ನಮ್ಮ ಕಾಲು ಬೇಕು. ಹೇಳಿದರೆ ಯಾರಿಗಾದರೂ ಆಸರೆಯಾಗುತ್ತದೆಯೇ, ಹೇಳದಿದ್ದರೆ ಯಾರಾದರೂ ನರಳುತ್ತಾರೆಯೇ ಎಂದು ಕೇಳಿಕೊಂಡರೆ ಸುದ್ದಿಗೆ ಹೋಗುವುದಕ್ಕೂ ಖಬರು ತೆಗೆದುಕೊಳ್ಳುವುದಕ್ಕೂ ಇರುವ ಗೆರೆ ಬಹಳ ಸಲ ತಾನೇ ಕಾಣುತ್ತದೆ. ಓಡಿಹೋದ ಹುಡುಗಿಯ ಫೋಟೋ ಹಂಚಿದರೆ ಯಾರಿಗೂ ಆಸರೆಯಿಲ್ಲ. ಶಾಲೆ ಬಿಟ್ಟ ಹುಡುಗಿಯ ವಿಷಯ ಹೇಳದಿದ್ದರೆ ಅವಳು ನರಳುತ್ತಾಳೆ. ನಾವು ಮಾಡುತ್ತಿರುವುದು ಇದರ ತಿರುವುಮುರುವು.

ಹೊಸ ಬಡಾವಣೆಗಳನ್ನು ಕೆಡವಿ ಹಳೆಯ ಓಣಿ ಕಟ್ಟಲಾಗದು, ಮೊಬೈಲು ಬಿಸಾಡಿ ಡಂಗುರ ಹೊಡೆಸಲಾಗದು, ಅದರ ಅಗತ್ಯವೂ ಇಲ್ಲ. ಆದರೆ ಮುಂದಿನ ಸಲ ನಮ್ಮೂರಿನ ಒಂದು ಸುದ್ದಿ ಮೊಬೈಲಿಗೆ ಬಂದಾಗ ಒಂದು ಲೆಕ್ಕ ಹಾಕಿ ನೋಡಬಹುದು: ಆ ಮನೆಗೆ ನಡೆದು ಹೋಗಲು ಎಷ್ಟು ಹೊತ್ತು ಬೇಕು? ಹತ್ತು ನಿಮಿಷ ಸಾಕು ಎನಿಸಿದರೆ, ಅದನ್ನು ಮುಂದಕ್ಕೆ ಕಳಿಸುವ ಮೊದಲು ಒಮ್ಮೆ ಹೋಗಿ ಬನ್ನಿ.