ಅಳಿವಿನ ಸರದಿ

ಚಿಕ್ಕಂದಿನಲ್ಲೇ ಇತಿಹಾಸದ ಹುಚ್ಚು ಹಿಡಿದವರಿಗೆ ಯುದ್ಧವೆಂದರೆ ನಕ್ಷೆಯ ಮೇಲಿನ ಬಾಣಗಳು. ನಾನೂ ಹಾಗೆಯೇ ಓದಿದವನು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ನಡೆದ ವೆರ್ಡನ್ ಕದನ ನನಗೆ ಬಾಯಿಪಾಠವಾಗಿತ್ತು. 1916ರ ಫೆಬ್ರವರಿ 21ಕ್ಕೆ ಜರ್ಮನ್ ಫಿರಂಗಿಗಳು ಮೊರೆದವು, 25ಕ್ಕೆ ದುಯೋಮೋ ಕೋಟೆ ಜರ್ಮನರ ಕೈಸೇರಿತು, ಅಕ್ಟೋಬರ್ 24ಕ್ಕೆ ಫ್ರೆಂಚರು ಅದನ್ನು ಮರಳಿ ಪಡೆದರು, ಡಿಸೆಂಬರ್ 18ಕ್ಕೆ ಎಲ್ಲ ಮುಗಿಯಿತು. ಎರಡೂ ಕಡೆ ಸೇರಿ ಸತ್ತವರು ಸುಮಾರು 3 ಲಕ್ಷ. ಇಷ್ಟೆಲ್ಲ ಆದಮೇಲೂ ಎರಡು ಸೇನೆಗಳು ನಿಂತಿದ್ದು ಹೆಚ್ಚುಕಡಿಮೆ ಮೊದಲಿದ್ದ ಜಾಗದ ಆಸುಪಾಸಿನಲ್ಲೇ. ಎಳೆಯ ವಯಸ್ಸಿನಲ್ಲಿ ಈ ವಿವರಗಳು ಗೊತ್ತಿರುವುದೇ ಒಂದು ಹೆಮ್ಮೆ. ಆ ಹೆಮ್ಮೆಯನ್ನು ನಾನು ಹಳಿಯಲಾರೆ, ಇತಿಹಾಸದ ಆಸಕ್ತಿ ಕುದುರುವುದೇ ಅಲ್ಲಿಂದ.

ಆ ನಕ್ಷೆಯಲ್ಲಿ ಫ್ಲೆರಿ ಎಂಬ ಪುಟ್ಟ ಹಳ್ಳಿಯಿತ್ತು. ಯುದ್ಧಕ್ಕೆ ಮೊದಲು ಅಲ್ಲಿದ್ದವರು ನಾನೂರು ಚಿಲ್ಲರೆ ಜನ. 1916ರ ಬೇಸಿಗೆಯಲ್ಲಿ ಆ ಊರು ಮತ್ತೆ ಮತ್ತೆ ಕೈ ಬದಲಾಯಿಸಿತು. ಕೊನೆಗೆ ಫ್ರೆಂಚರು ಗೆದ್ದಾಗ ಅಲ್ಲಿ ಒಂದು ಗೋಡೆಯೂ ನಿಂತಿರಲಿಲ್ಲ. ಇಂದು ಅಲ್ಲಿ ಕಾಡಿದೆ. ಶೆಲ್ಲು ಬಿದ್ದ ಕುಳಿಗಳ ಮೇಲೆ ಹುಲ್ಲು ಹಬ್ಬಿ, ನೆಲ ಗುಂಡಿ-ದಿಬ್ಬವಾಗಿಯೇ ಉಳಿದಿದೆ. ಅದರ ನಡುವಿನ ಕಾಲುದಾರಿಯಲ್ಲಿ ಸಣ್ಣ ಸಣ್ಣ ಗುರುತುಗಳನ್ನು ನೆಟ್ಟಿದ್ದಾರೆ: ಇಲ್ಲಿ ಬ್ರೆಡ್ಡು ಸುಡುವವನ ಮನೆ, ಇಲ್ಲಿ ಕಮ್ಮಾರಸಾಲೆ, ಇಲ್ಲಿ ಶಾಲೆ. ಊರಲ್ಲಿ ಒಬ್ಬರೂ ವಾಸವಿಲ್ಲ. ಆದರೂ ಫ್ರಾನ್ಸ್ ಅದನ್ನು ಊರೆಂದೇ ಎಣಿಸಿ, ಇಂದಿಗೂ ಒಬ್ಬ ಮೇಯರನ್ನು ನೇಮಿಸುತ್ತದೆ. ಒಂದು ದೇಶ ತನ್ನ ಹಳ್ಳಿಗೆ ತೋರಿದ ಇಂಥ ಗೌರವ ನನ್ನ ಮಟ್ಟಿಗೆ ಯಾವ ವಿಜಯಸ್ತಂಭಕ್ಕಿಂತ ದೊಡ್ಡದು.

ಎಲ್ಲವೂ ಅನಿತ್ಯ ಎಂದು ನಾವು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಆದರೆ ಅಳಿವಿಗೂ ಒಂದು ಸರದಿಯಿದೆ, ಎಲ್ಲವೂ ಒಟ್ಟಿಗೆ ಹೋಗುವುದಿಲ್ಲ.

ಮೊದಲು ಹೋಗುವುದು ಗೆಲುವು. ಹತ್ತು ತಿಂಗಳು ರಕ್ತ ಚೆಲ್ಲಿ ಉಳಿಸಿಕೊಂಡ ವೆರ್ಡನ್ ಪಟ್ಟಣ 1940ರ ಜೂನ್ 15ರಂದು ಜರ್ಮನರ ಪಾಲಾಯಿತು. ಈ ಬಾರಿ ಹತ್ತು ದಿನವೂ ಬೇಕಾಗಲಿಲ್ಲ. ವೆರ್ಡನ್ನಿನ ವೀರನೆಂದು ಮನೆಮನೆಯಲ್ಲಿ ಹೆಸರಾಗಿದ್ದ ಫ್ರೆಂಚ್ ಸೇನಾನಿ ಪೆತಾಂ ಅದೇ ವರ್ಷ ಹಿಟ್ಲರನೊಂದಿಗೆ ಕೈಜೋಡಿಸಿದ ಸರ್ಕಾರದ ಮುಖ್ಯಸ್ಥನಾದ. 1945ರಲ್ಲಿ ಸ್ವಂತ ದೇಶದ ನ್ಯಾಯಾಲಯವೇ ಅವನಿಗೆ ಮರಣದಂಡನೆ ವಿಧಿಸಿತು. ವಯಸ್ಸು ನೋಡಿ ಅದನ್ನು ಜೀವಾವಧಿಗೆ ಇಳಿಸಿದರು. ತನ್ನ ಸೈನಿಕರ ಪಕ್ಕದಲ್ಲೇ ಮಣ್ಣಾಗಬೇಕೆಂಬ ಅವನ ಆಸೆ ಈಡೇರಲಿಲ್ಲ.

ಆಮೇಲೆ ಕಣ್ಣಾರೆ ಕಂಡವರು ಹೋಗುತ್ತಾರೆ. ಮೊದಲ ಮಹಾಯುದ್ಧದಲ್ಲಿ ಹೋರಾಡಿದವರಲ್ಲಿ ಕೊನೆಯವರೆಂದು ಫ್ರಾನ್ಸ್ ಅಧಿಕೃತವಾಗಿ ಎಣಿಸಿದ ಲಜಾರ್ ಪೊಂತಿಚೆಲ್ಲಿ 2008ರಲ್ಲಿ, 110ನೇ ವಯಸ್ಸಿನಲ್ಲಿ ತೀರಿಕೊಂಡರು. ಎಲುಬುಗಳು ಇನ್ನೂ ಇವೆ. ದುಯೋಮೋದ ಅಸ್ಥಿಗೃಹದಲ್ಲಿ ಗುರುತು ಸಿಗದ ಸುಮಾರು 1,30,000 ಸೈನಿಕರ ಮೂಳೆಗಳು ಬೆರೆತುಹೋಗಿವೆ. ಯಾವುದು ಫ್ರೆಂಚರದು, ಯಾವುದು ಜರ್ಮನರದು ಎಂದು ಯಾರೂ ಬೇರ್ಪಡಿಸಲಾರರು. ಕಿರುಗಿಂಡಿಗಳಲ್ಲಿ ಬಗ್ಗಿ ನೋಡಿದರೆ ಅವು ಕಾಣುತ್ತವೆ.

ಎಲ್ಲಕ್ಕಿಂತ ಕಡೆಯಲ್ಲಿ ಹೋಗುವುದು ವಿಷ. ಯುದ್ಧ ಮುಗಿದ ಮೇಲೆ ವೆರ್ಡನ್ ಹತ್ತಿರದ ಕಾಡಿನಲ್ಲಿ ವಿಷಾನಿಲದ ಶೆಲ್ಲುಗಳನ್ನು ರಾಶಿ ಹಾಕಿ ಸುಟ್ಟರು. ಸುಟ್ಟ ಜಾಗದ ಮಣ್ಣಿನಲ್ಲಿ ಸೇರಿಕೊಂಡ ಆರ್ಸೆನಿಕ್ ಸುಮಾರು ನೂರು ವರ್ಷವಾದರೂ ಅಲ್ಲಿ ಹೆಚ್ಚೇನೂ ಹಸಿರು ಚಿಗುರಲು ಬಿಟ್ಟಿಲ್ಲ. ಹಳೆಯ ರಣರಂಗಗಳಲ್ಲಿ ನೇಗಿಲಿಗೆ ಸಿಗುವ ಸಿಡಿಯದ ಗುಂಡುಗಳನ್ನು ಸರ್ಕಾರದ ದಳಗಳು ಇವತ್ತಿಗೂ ಪ್ರತಿವರ್ಷ ಟನ್ನುಗಟ್ಟಲೆ ಹೊರತೆಗೆಯುತ್ತಿವೆ. ಯಾವ ಉದ್ದೇಶಕ್ಕಾಗಿ ಅವನ್ನು ಹಾರಿಸಿದರೋ ಆ ಉದ್ದೇಶ ಎಂದೋ ಸತ್ತಿದೆ, ಗುಂಡಿಗೆ ಮಾತ್ರ ಜೀವವಿದೆ.

ಯುದ್ಧದ ಪುಸ್ತಕಗಳಲ್ಲಿ ಮುಳುಗಿರುವ ಎಳೆಯರಲ್ಲಿ ನನ್ನದೊಂದು ಕೋರಿಕೆ. ಕದನ ನಿಂತ ತಾರೀಖಿಗೆ ಪುಸ್ತಕ ಮುಚ್ಚಬೇಡಿ. ಅದರ ಮುಂದಿನ ನೂರು ವರ್ಷಗಳನ್ನೂ ಹುಡುಕಿ ಓದಿ.