ಅಳೆಯುವವನ ಡೊಂಕು

ಇನ್ನೊಬ್ಬರ ಸರಿತಪ್ಪುಗಳನ್ನು ನಿರ್ಣಯಿಸುವುದು ಅಧ್ಯಾಪಕ ವೃತ್ತಿಯ ನಿತ್ಯಕರ್ಮ. ಬೆಳಗಿನ ಗಂಟೆ ಬಾರಿಸಿದಾಗಿನಿಂದ ಸಂಜೆಯವರೆಗೆ ನಾವು ಅಳೆಯುತ್ತಲೇ ಇರುತ್ತೇವೆ. ಅಕ್ಷರವನ್ನು, ಲೆಕ್ಕವನ್ನು, ನಡತೆಯನ್ನು, ಕೊನೆಗೆ ಮಗುವನ್ನೇ ಅಳೆಯುತ್ತೇವೆ. ಆದರೆ ಅಳೆಯುವ ಕೋಲೇ ಡೊಂಕಾಗಿದ್ದರೆ ಅದನ್ನು ಅಳೆಯುವವರು ಯಾರು? ಈ ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟುದು ಕುರನೂರಿನ ಒಂದು ವೆಲ್ಡಿಂಗ್ ಅಂಗಡಿ.

ಕಳೆದ ಬೇಸಿಗೆಯ ರಜೆಯಲ್ಲಿ ಮುರಿದ ಕುರ್ಚಿಯೊಂದನ್ನು ದುರಸ್ತಿ ಮಾಡಿಸಲು ಅಲ್ಲಿಗೆ ಹೋಗಿದ್ದೆವು. ಅಂಗಡಿಯ ಯುವಕನು ನಮ್ಮ ಹಳೆಯ ವಿದ್ಯಾರ್ಥಿ. ಹಲಗೆಯ ಮೇಲೆ ಚಿತ್ತಾರ ಕೊರೆಯುವ ಯಂತ್ರವೊಂದನ್ನು ಅವನು ತಾನೇ ಕಟ್ಟುತ್ತಿದ್ದನು. ಉಕ್ಕಿನ ಚೌಕ ಪೈಪುಗಳನ್ನು ಬೆಸೆದ ಚೌಕಟ್ಟು. ಅದರ ಎರಡು ಅಂಚುಗಳ ಮೇಲೆ ಎರಡು ಹಳಿಗಳು. ಹಳಿಗಳ ಮೇಲೆ ಓಡಾಡುವ ಒಂದು ಅಡ್ಡತೊಲೆ. ನೋಡುವುದಕ್ಕೆ ಸರಳವೇ. ಆದರೆ ಬೆಸುಗೆಯ ಲೋಹವು ಆರುವಾಗ ಕುಗ್ಗುತ್ತದೆ, ಪೈಪನ್ನು ತನ್ನತ್ತ ಎಳೆಯುತ್ತದೆ. ಎಷ್ಟು ಜಾಗರೂಕತೆಯಿಂದ ಬೆಸೆದರೂ ಚೌಕಟ್ಟು ತುಸುವಾದರೂ ತಿರುಚಿಕೊಳ್ಳುತ್ತದೆ. ಆ ಡೊಂಕಿನ ಮೇಲೆ ಹಾಗೆಯೇ ಬಿಗಿದರೆ ಹಳಿಯೂ ಡೊಂಕಾಗುವುದು.

ಅವನು ಗವಂಡಿಗಳು ಬಳಸುವ ರಸಮಟ್ಟವನ್ನು ಹಳಿಯ ಮೇಲಿಟ್ಟನು. ಗಾಜಿನ ನಳಿಗೆಯೊಳಗಿನ ಗುಳ್ಳೆಯು ಎತ್ತರದ ಕಡೆಗೆ ಸರಿಯುತ್ತದೆಂಬುದನ್ನು ವಾಚಕರು ಬಲ್ಲರು. ಗುಳ್ಳೆ ಬಾಗಿಲ ಕಡೆಗೆ ಸರಿಯಿತು. ಬಾಗಿಲ ಕಡೆ ಹಳಿ ಎತ್ತರವಾಗಿದೆ ಎಂದು ನಾವು ಒಡನೆಯೇ ತೀರ್ಪುಕೊಟ್ಟೆವು. ಅವನು ನಕ್ಕು, "ತಡೀರಿ ಗುರುಗಳ, ಮೊದಲ ಇದರ ಡೊಂಕ ನೋಡೋಣು, ಆಮ್ಯಾಲ ಹಳಿದು" ಎಂದು ರಸಮಟ್ಟವನ್ನು ಅದೇ ಸ್ಥಳದಲ್ಲಿ ಹಿಂದುಮುಂದಾಗಿ ತಿರುಗಿಸಿ ಇಟ್ಟನು. ಈಗ ಗುಳ್ಳೆ ಗೋಡೆಯ ಕಡೆಗೆ ಅಷ್ಟೇ ಸರಿಯಿತು. ಅಂದರೆ ಎರಡು ಸಲವೂ ಅದು ರಸಮಟ್ಟದ ಒಂದೇ ತುದಿಯನ್ನು ಹಿಡಿದಿತ್ತು. ಹಳಿಯು ನಿರ್ದೋಷಿ; ದೋಷವು ರಸಮಟ್ಟದ್ದು. ತಿರುಗಿಸಿದ ಮೇಲೆಯೂ ಗುಳ್ಳೆ ಬಾಗಿಲನ್ನೇ ತೋರಿದ್ದರೆ ಹಳಿಯೇ ಡೊಂಕೆಂದು ತಿಳಿಯಬೇಕಾಗಿತ್ತು.

ಚೌಕಟ್ಟಿನ ಕೆಳಗೆ ನೋಡಿದಾಗ ಇನ್ನೊಂದು ವಿಚಿತ್ರ ಕಂಡಿತು. ಕಾಲುಗಳು ನಾಲ್ಕು; ಎತ್ತರ ತಗ್ಗಿಸುವ ತಿರುಪುಗಳನ್ನು ಮೂರಕ್ಕೆ ಮಾತ್ರ ನೆಲ ಮುಟ್ಟಿಸಿದ್ದನು. ಕಾರಣ ಕೇಳಿದೆವು. "ಮೂರರ ಮ್ಯಾಲ ನಿಂತದ್ದು ಎಂಥಾ ನೆಲದಾಗೂ ಅಳ್ಳಾಡೂದಿಲ್ರಿ. ಅದು ಸರಿ ಆದಮ್ಯಾಲ ನಾಕನೇದನ್ನ ಹಗೂರಕ ಮುಟ್ಟಿಸೂದು" ಎಂದನು.

ಈ ಮಾತನ್ನು ನಾವು ಹಿಂದೊಮ್ಮೆ ಕೇಳಿದ್ದೆವು. ಹನ್ನೆರಡು ವರ್ಷಗಳ ಹಿಂದೆ ನಾಲ್ಕನೆಯ ತರಗತಿಯಲ್ಲಿ, ಮೂರು ಕಾಲಿನ ಪೀಠ, ನಾಲ್ಕು ಕಾಲಿನ ಪೀಠ, ಇವುಗಳಲ್ಲಿ ಯಾವುದು ಅಲುಗದೆ ನಿಲ್ಲುವುದೆಂದು ನಾವು ಕೇಳಿದ್ದೆವು. ಮೂರು ಕಾಲಿನದೆಂದು ಇದೇ ಹುಡುಗನು ಹೇಳಿದನು. ತರಗತಿಯು ಗೊಳ್ಳೆಂದು ನಕ್ಕಿತು, ನಾವೂ ನಕ್ಕೆವು. ಅವನು ಹಟಹಿಡಿದು ಮತ್ತೆ ಅದನ್ನೇ ಹೇಳಿದಾಗ ಉದ್ಧಟತನವೆಂದು ಬಗೆದು ಬಾಗಿಲ ಹೊರಗೆ ನಿಲ್ಲಿಸಿದೆವು. ನಾಲ್ಕು ಕಾಲಿನದು ಸುಲಭವಾಗಿ ಉರುಳದೆಂಬುದು ನಿಜ. ಆದರೆ ನಾವು ಕೇಳಿದ್ದು ಅಲುಗುವುದರ ಮಾತು. ಯಾವ ಮೂರು ಬಿಂದುಗಳಾದರೂ ಒಂದೇ ಸಮತಲದಲ್ಲಿ ಇದ್ದೇ ಇರುತ್ತವೆ. ನಾಲ್ಕನೆಯದು ಅದೇ ಸಮತಲದಲ್ಲಿ ಬೀಳಬೇಕೆಂಬ ನಿಯಮವಿಲ್ಲ. ಹತ್ತು ವರ್ಷದ ಮಗು ಮನೆಯ ಅಂಗಳದಲ್ಲಿ ಕಂಡ ಸತ್ಯವನ್ನು, ಪ್ರಮಾಣಪತ್ರ ಪಡೆದ ನಾವು ಕಂಡಿರಲಿಲ್ಲ.

ಇಡೀ ತರಗತಿಯು ನಮ್ಮ ಪಕ್ಷದಲ್ಲಿತ್ತಲ್ಲವೇ ಎಂದು ಯಾರಾದರೂ ಸಮಾಧಾನ ಹೇಳಬಹುದು. ಇದಕ್ಕೆ ಯಂತ್ರಶಾಸ್ತ್ರವೇ ಉತ್ತರ ಕೊಟ್ಟಿದೆ. ಇಂಗ್ಲೆಂಡಿನ ಯಂತ್ರಶಿಲ್ಪಿ ಜೋಸೆಫ್ ವಿಟ್‌ವರ್ತ್ 1840ರಲ್ಲಿ ನಿಜವಾದ ಸಮತಲವನ್ನು ಸಾಧಿಸುವ ಬಗೆಯನ್ನು ಗ್ಲಾಸ್ಗೋ ನಗರದಲ್ಲಿ ವಿದ್ವಾಂಸರ ಮುಂದೆ ವಿವರಿಸಿದನು. ಎರಡು ಲೋಹಫಲಕಗಳನ್ನು ಒಂದಕ್ಕೊಂದು ತಾಳೆನೋಡಿ ಹೆರೆಯುತ್ತ ಹೋದರೆ ಅವು ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಬಹುದು. ಆದರೂ ಒಂದು ಉಬ್ಬಾಗಿ ಇನ್ನೊಂದು ತಗ್ಗಾಗಿ ಇರಬಹುದು. ಆದುದರಿಂದ ಮೂರನೆಯ ಫಲಕ ಬೇಕು. ಮೂರೂ ಒಂದಕ್ಕೊಂದು ಕೂಡುವಂತಾದರೆ ಮಾತ್ರ ಮೂರೂ ಸಮತಲ. ನಮ್ಮ ತರಗತಿಯನ್ನು ಹೆರೆದು ರೂಪಿಸಿದವರು ನಾವೇ. ಅದು ನಮ್ಮ ತಗ್ಗಿಗೆ ತಕ್ಕ ಉಬ್ಬಾಗಿ ಕೂಡಿತ್ತು. ಕೂಡದೆ ಉಳಿದ ಮೂರನೆಯ ಫಲಕವನ್ನು ನಾವು ಬಾಗಿಲ ಹೊರಗೆ ನಿಲ್ಲಿಸಿದ್ದೆವು.

ಹೀಗೆ ಪ್ರತಿಯೊಂದಕ್ಕೂ ತನ್ನನ್ನೇ ಶಂಕಿಸುತ್ತ ಕುಳಿತರೆ ಶಿಕ್ಷಕನು ಪಾಠ ಹೇಳುವುದೆಂತು ಎಂಬ ಆಕ್ಷೇಪವೂ ಬರಬಹುದು. ಆ ಯುವಕನು ತನ್ನ ರಸಮಟ್ಟವನ್ನು ಎಸೆಯಲಿಲ್ಲ. ಅದು ಎಷ್ಟು ತಪ್ಪು ತೋರುವುದೆಂದು ಗುರುತುಹಾಕಿಕೊಂಡು ಅದರಿಂದಲೇ ದಿನವಿಡೀ ಅಳೆದನು. ತಿರುಗಿಸಿ ನೋಡಲು ಹಿಡಿದದ್ದು ಅರ್ಧ ನಿಮಿಷ. ತಿಳಿದ ದೋಷವನ್ನು ಲೆಕ್ಕದಲ್ಲಿ ಕಳೆಯಬಹುದು. ತಿಳಿಯದ ದೋಷವು ಅಳೆದುದನ್ನೆಲ್ಲ ಕೆಡಿಸುವುದು.

ಎರಡನೆಯ ಹಳಿಯನ್ನು ಅವನು ಕೂಡಿಸಿದ ರೀತಿಯೂ ನೆನಪಿನಲ್ಲಿಡತಕ್ಕದ್ದು. ಮೊದಲನೆಯದನ್ನು ನೇರಮಾಡಿ ಭದ್ರಪಡಿಸಿದನು. ಎರಡನೆಯದರ ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು, ಅಡ್ಡತೊಲೆಯನ್ನು ಈ ತುದಿಯಿಂದ ಆ ತುದಿಗೆ ಮೆಲ್ಲನೆ ಓಡಿಸುತ್ತ, ಅದು ಸಲೀಸಾಗಿ ನಿಂತೆಡೆಯಲ್ಲಿ ಮಾತ್ರ ಬಿಗಿದನು. ತಗ್ಗಿದ್ದಲ್ಲಿ ತೆಳುವಾದ ತಗಡಿನ ಚೂರನ್ನು ಹಳಿಯ ಅಡಿಗೆ ಕೊಟ್ಟನು. ಬೋಲ್ಟಿನ ಬಲದಿಂದಲೇ ಹಳಿಯನ್ನು ಎಳೆದು ಕೂರಿಸಿದ್ದರೆ ಮೇಲೆ ನೇರವಾಗಿ ಕಂಡೀತು. ಓಡುವಾಗ ತೊಲೆಯು ನಡುವೆ ಕಚ್ಚಿಕೊಂಡು ನಿಲ್ಲುತ್ತಿತ್ತು. ಅಂದು ಬಾಗಿಲ ಹೊರಗೆ ನಿಂತ ಹುಡುಗನು ಆಮೇಲೆ ವರ್ಷವೆಲ್ಲ ತರಗತಿಯಲ್ಲಿ ಮಾತೇ ಆಡಲಿಲ್ಲ. ಅದನ್ನು ನಾವು ಶಿಸ್ತೆಂದು ತಿಳಿದಿದ್ದೆವು.

ಹೊರಡುವಾಗ, "ತಮ್ಮಾ, ಆ ದಿನ ನೀ ಹೇಳಿದ್ದ ಖರೇ ಇತ್ತು" ಎಂದೆವು. "ಯಾವುದ್ರಿ ಗುರುಗಳ?" ಎಂದು ಕೇಳಿ ಅವನು ಮತ್ತೆ ಹಳಿಯ ಕಡೆಗೆ ಬಾಗಿದನು. ನಿಜವಾಗಿ ಮರೆತಿದ್ದನೋ, ನಮ್ಮ ಮಾನ ಕಾಯಲು ಮರೆತಂತೆ ನುಡಿದನೋ ನಾವು ಅರಿಯೆವು. ಅವನು ಮರೆತರೂ ನಮ್ಮ ಹೊಣೆ ಹರಿಯದು. ಈಗ ಮಗುವಿನ ಉತ್ತರದ ಮೇಲೆ ಕೆಂಪು ಗೆರೆ ಎಳೆಯುವ ಮೊದಲು, "ಯಾಕ ಹೀಂಗ ಬರದಿ?" ಎಂದು ಒಮ್ಮೆ ಕೇಳುತ್ತೇವೆ. ರಸಮಟ್ಟವನ್ನು ತಿರುಗಿಸಿ ಇಡುವಷ್ಟೇ ಹೊತ್ತು ಅದಕ್ಕೆ ಬೇಕು. ಬಹಳ ಸಲ ತಪ್ಪು ಮಗುವಿನದೇ ಆಗಿರುತ್ತದೆ. ಕೆಲವು ಸಲ ನಮ್ಮದಾಗಿರುತ್ತದೆ.