ಬಿರುಕಿಗೆ ಬಳಿದ ಸುಣ್ಣ

ಲಕ್ಕೂರಿನ ನಮ್ಮ ಮನೆ ಮಾವನವರ ಕಾಲದ್ದು. ಹೆಂಚಿಗೂ ಇಟ್ಟಿಗೆಗೂ ಹೆಸರಾದ ಮಾಲೂರು ಸೀಮೆಯಲ್ಲಿದ್ದರೂ ಅದರ ಗೋಡೆಗಳು ಹಸಿ ಇಟ್ಟಿಗೆಯವು. ಮೇಲೆ ಕಲ್ಲು ಚಪ್ಪಡಿ. ಅಡಿಗೆಮನೆಗೂ ಪಡಸಾಲೆಗೂ ನಡುವಿನ ಗೋಡೆ ತೆಗೆಸಲೇಬೇಕೆಂದು ಹಟ ಹಿಡಿದವಳು ನಾನೇ. ಒಲೆಯ ಮುಂದೆ ನಿಂತವಳಿಗೆ ಹೊರಗಿನ ಮಾತು ಕೇಳುವುದು ಬೇಡವೇ? ಮೇಸ್ತ್ರಿ ಗೋಡೆ ಒಡೆದು, ಅದರ ಬದಲು ಕಬ್ಬಿಣದ ತೊಲೆಯೊಂದನ್ನು ಅಡ್ಡ ಕೂರಿಸಿದ. ಮನೆಯೆಲ್ಲ ಬೆಳಕಾಯಿತು.

ಮಳೆಗಾಲದಲ್ಲಿ ಹಿಂದಿನ ಕೋಣೆಯ ಚಿಲಕ ಕೂರದಾಯಿತು. ಮರ ಉಬ್ಬಿದೆ ಅಂದುಕೊಂಡೆ. ಬಿಸಿಲು ಬಂದರೂ ಕೂರಲಿಲ್ಲ. ಆಮೇಲೆ ಬಾಗಿಲ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಎದ್ದಿತು. ಕಸ ಗುಡಿಸುವಾಗ ತೊಲೆಯ ತುದಿಯ ಕೆಳಗೆ ದಿನವೂ ಹಿಡಿ ಮಣ್ಣು. ಬಿರುಕಿನ ಕೊನೆಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತಾರೀಖು ಬರೆದೆ. ಹಾಜರಿ ಪುಸ್ತಕ ಬರೆಯುವವಳ ಚಾಳಿ. ಇಪ್ಪತ್ತು ದಿನಕ್ಕೆ ಬಿರುಕು ಗೆರೆ ದಾಟಿ ಎರಡು ಬೆರಳು ಮುಂದೆ ಹೋಗಿತ್ತು.

ಗೋಡೆಯ ಆಚೆ ಬದಿಗೆ ಬಾಡಿಗೆಯವರು. ಗಂಡ ಹೆಂಡತಿ, ಒಂದು ಎಳೆಗೂಸು. "ಸುಣ್ಣ ಬಳಿಸಿಬಿಡೋಣ, ಸುದ್ದಿಯಾದರೆ ಮನೆಗೆ ಯಾರೂ ಬರೋದಿಲ್ಲ" ಎಂದರು ನಮ್ಮವರು. ನಾನು ಬೇಡ ಎನ್ನಲಿಲ್ಲ. ಸುಳ್ಳನ್ನಂತೂ ಹೇಳಲಿಲ್ಲವಲ್ಲ, ಅವರು ಕೇಳಲೇ ಇಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮಕ್ಕಳು ಇಂಥ ಉತ್ತರ ಕೊಟ್ಟರೆ ನಾನು ಬೆಂಚಿನ ಮೇಲೆ ನಿಲ್ಲಿಸುತ್ತೇನೆ.

ಅದೇ ವಾರ, 2024ರ ನವೆಂಬರಿನಲ್ಲಿ, ನಮ್ಮದೇ ಜಿಲ್ಲೆಯ ಬಂಗಾರಪೇಟೆಯಲ್ಲಿ ದುರಸ್ತಿ ನಡೆಯುತ್ತಿದ್ದ ಮೂರಂತಸ್ತಿನ ಮನೆ ಕುಸಿಯಿತು. ಒಳಗಿದ್ದವರು ಮೊದಲೇ ಹೊರಗೆ ಬಂದಿದ್ದರಿಂದ ಜೀವ ಉಳಿಯಿತು. ಆ ರಾತ್ರಿ ಗೋಡೆಯಾಚೆ ಕೂಸು ಅತ್ತಾಗಲೆಲ್ಲ ನನಗೆ ಎಚ್ಚರ.

ಮರುದಿನ ಎಂಜಿನಿಯರು ಬಂದು ನೋಡಿದರು. ಗೋಡೆ ಹೋಯಿತೆಂದು ಚಪ್ಪಡಿಯ ಭಾರ ಹೋಗುವುದಿಲ್ಲವಂತೆ. ಉದ್ದಕ್ಕೂ ಹರಡಿದ್ದ ಭಾರವೆಲ್ಲ ಈಗ ತೊಲೆಯ ಎರಡು ತುದಿಗೆ ಸೇರಿ, ಕೆಳಗಿನ ಹಸಿ ಇಟ್ಟಿಗೆ ನುಗ್ಗಾಗುತ್ತಿತ್ತು. ಕಬ್ಬಿಣವಾದರೆ ಬಾಗಿ ತೋರಿಸುತ್ತದೆ. ಕಲ್ಲು ಬಾಗುವುದಿಲ್ಲ, ಮುರಿದೇ ಬೀಳುತ್ತದೆ. ಮುನ್ಸೂಚನೆ ಎಂಬುದೇನಿದ್ದರೂ ನಾವು ಸುಣ್ಣ ಬಳಿದ ಆ ಬಿರುಕೇ. ಅಂದೇ ಸರ್ವೆ ಕಂಬಗಳನ್ನು ಆನಿಸಿದೆವು. ಆಮೇಲೆ ತೊಲೆಯ ಎರಡೂ ತುದಿಗೆ ತಳಪಾಯದಿಂದಲೇ ಕಂಬ ಎಬ್ಬಿಸಿದ್ದಾಯಿತು. ಖರ್ಚಿನ ಮಾತು ಬೇಡ.

ಕಂಬ ಆನಿಸುವ ಮೊದಲು ನಾನೇ ಆಚೆ ಹೋಗಿ ಆ ಹುಡುಗಿಗೆ ಹೇಳಿದೆ, ಕೆಲಸ ಮುಗಿಯುವವರೆಗೆ ತವರಿಗೆ ಹೋಗಿರಮ್ಮ, ಬಾಡಿಗೆ ಬೇಡ ಎಂದು. ಅವಳು ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಹೊಸ ಸುಣ್ಣದ ಗೋಡೆಯನ್ನೇ ನೋಡಿದಳು.

"ನಿಮಗೆ ಯಾವಾಗ ಗೊತ್ತಾಯ್ತು ಟೀಚರಮ್ಮ?"

ಪೆನ್ಸಿಲ್ಲಿನಲ್ಲಿ ಬರೆದಿದ್ದ ತಾರೀಖನ್ನು ಹೇಳಿದೆ.